ಯಂತ್ರಯೋಧನ ಕೀಲು ನೋಡಿ ಕೊಳ್ಳಿ

ಮಣ್ಣೆತ್ತಿನ ಅಮಾವಾಸ್ಯೆಯ ಹೊತ್ತಿಗೆ ಹುಬ್ಬಳ್ಳಿಯ ದುರ್ಗದಬೈಲಿನಲ್ಲೋ ಧಾರವಾಡದ ಪೇಟೆಯಲ್ಲೋ ಕುಂಬಾರರು ಎತ್ತುಗಳನ್ನು ಹರವಿಕೊಂಡು ಕೂತಾಗ, ಕೊಳ್ಳಲು ಬಂದವರನ್ನು ಸ್ವಲ್ಪ ಗಮನಿಸಿ. ಮೊದಲು ಕಣ್ಣಿಗೆ ಬಿದ್ದ ಜೋಡಿಯನ್ನು ಯಾರೂ ಎತ್ತಿಕೊಂಡು ಹೋಗುವುದಿಲ್ಲ. ಅಂಗೈ ಮೇಲಿಟ್ಟು ನಾಲ್ಕೂ ಕಾಲು ಸಮನಾಗಿ ಊರುತ್ತವೆಯೇ ಎಂದು ನೋಡುತ್ತಾರೆ. ಕೋಡಿನ ಬುಡದಲ್ಲಿ ಬಿರುಕು ಬಿಟ್ಟಿದೆಯೇ ಎಂದು ಉಗುರು ಆಡಿಸುತ್ತಾರೆ. ಪೂಜೆ ಮುಗಿದ ಮೇಲೆ ನೀರಿಗೆ ಬಿಡುವ ಮಣ್ಣಿನ ವಸ್ತುವಿಗೆ ಇಷ್ಟೆಲ್ಲ ಪರೀಕ್ಷೆ! ಅದೇ ಮನೆಯ ಇಂಜಿನಿಯರ್ ಮಗ ಸಾವಿರಾರು ರೂಪಾಯಿ ತೆತ್ತು ಜಪಾನಿನ ಅಥವಾ ಚೀನಾದ ಸೈನಿಕ ರೋಬೋ ಗೊಂಬೆಯನ್ನು ತರಿಸುವಾಗ ಮಾತ್ರ ಪೆಟ್ಟಿಗೆಯ ಮೇಲಿನ ಚಿತ್ರ ನೋಡಿ ಮರುಳಾಗುತ್ತಾನೆ.

ದೊಡ್ಡವರು ಗೊಂಬೆ ಕೊಳ್ಳುವುದೇ ವಿಚಿತ್ರ ಎನ್ನುವವರು ಇದ್ದಾರೆ. ದಸರೆಯ ಗೊಂಬೆಗಳನ್ನು ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿಟ್ಟು ಮೂರು ತಲೆಮಾರು ಕಾಪಾಡಿದ ಮನೆಗಳಿರುವ ನಾಡಿನಲ್ಲಿ ಇದೇನೂ ಹೊಸದಲ್ಲ. ಬದಲಾದದ್ದು ಗೊಂಬೆಯ ರೂಪ. ರಾಜ, ರಾಣಿ, ಶೆಟ್ಟರ ಜಾಗಕ್ಕೆ ಯಂತ್ರಯೋಧ ಬಂದಿದ್ದಾನೆ.

ಈ ಯೋಧನ ವಂಶಾವಳಿ ಅಷ್ಟೇನೂ ಹಳೆಯದಲ್ಲ. ‘ರೋಬೋ’ ಎಂಬ ಮಾತು ಹುಟ್ಟಿದ್ದು ಜೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ ಒಂದು ನಾಟಕದಲ್ಲಿ. ಆ ಭಾಷೆಯಲ್ಲಿ ಅದರ ಮೂಲಕ್ಕೆ ಬಿಟ್ಟಿ ದುಡಿಮೆ ಎಂಬ ಅರ್ಥ. ನಾಟಕದಲ್ಲಿ ಕೆಲಸಕ್ಕೆಂದು ತಯಾರಾದ ಕೃತಕ ಆಳುಗಳ ಕೈಗೆ ಸರ್ಕಾರಗಳು ಬಂದೂಕು ಕೊಡುತ್ತವೆ. ಅಂದರೆ ರೋಬೋ ಹುಟ್ಟಿದಾಗಲೇ ಸಿಪಾಯಿಯೂ ಆಗಿತ್ತು. 1964ರಲ್ಲಿ ಅಮೆರಿಕದ ಹಾಸ್‌ಬ್ರೋ ಕಂಪನಿ ಒಂದಡಿ ಎತ್ತರದ, ಕೈಕಾಲು ಮಡಿಸಬಲ್ಲ ಸೈನಿಕ ಗೊಂಬೆ ‘ಜಿ.ಐ. ಜೋ’ವನ್ನು ಮಾರುಕಟ್ಟೆಗೆ ತಂದಿತು. ಗಂಡುಹುಡುಗರು ಗೊಂಬೆ ಎಂದರೆ ಮುಟ್ಟಲಿಕ್ಕಿಲ್ಲ ಎಂಬ ಅಂಜಿಕೆಯಿಂದ ಅದಕ್ಕೆ ‘ಆಕ್ಷನ್ ಫಿಗರ್’ ಎಂಬ ಗಂಡಸಿನ ಹೆಸರಿಟ್ಟರು. 1979ರಲ್ಲಿ ಜಪಾನಿನ ಟೀವಿಯಲ್ಲಿ ಬಂದ ‘ಗಂಡಾಮ್’ ಸರಣಿ ರೋಬೋವನ್ನು ದೇವಮಾನವನಂತೆ ತೋರಿಸದೆ, ಟ್ಯಾಂಕು, ವಿಮಾನಗಳಂತೆ ಕಾರ್ಖಾನೆಯಲ್ಲಿ ತಯಾರಾಗುವ, ಒಳಗೆ ಚಾಲಕ ಕೂರುವ ಯುದ್ಧಸಾಮಗ್ರಿಯಾಗಿ ತೋರಿಸಿತು. ಮರುವರ್ಷವೇ ಅದರ ಪ್ಲಾಸ್ಟಿಕ್ ಮಾದರಿಗಳು ಬಂದವು. ಜಿ.ಐ. ಜೋ ಸಾಲಿನಲ್ಲೂ 1986ರಲ್ಲಿ ಶತ್ರುಪಕ್ಷದ ಒಬ್ಬ ರೋಬೋ ಸಿಪಾಯಿ ಸೇರಿದ. ಅವನ ಮುಂಗೈ ಕಳಚಿ ಇಕ್ಕಳವನ್ನೋ ಬೆಂಕಿ ಕಾರುವ ಆಯುಧವನ್ನೋ ಸಿಕ್ಕಿಸಬಹುದಿತ್ತು.

ಇದೆಲ್ಲ ದೂರದ ಮಾತೆನ್ನಬೇಡಿ. 1987ರಲ್ಲಿ ಎಂ.ಆರ್.ಎಫ್. ಟೈರಿನವರು ಹಾಸ್‌ಬ್ರೋ ಜೊತೆ ಸೇರಿ ಫನ್‌ಸ್ಕೂಲ್ ಕಂಪನಿ ಕಟ್ಟಿದರು. ಹುಬ್ಬಳ್ಳಿಯಿಂದ ರೈಲು ಹತ್ತಿ ಘಟ್ಟ ಇಳಿದರೆ ಸಿಗುವ ಗೋವಾದಲ್ಲೇ ಅದರ ಕಾರ್ಖಾನೆ. ಅಮೆರಿಕದ ಅಚ್ಚುಗಳಿಂದಲೇ ಅವರು ಜಿ.ಐ. ಜೋಗಳನ್ನು ಹೊಯ್ದರು. ಆದರೆ ಬಣ್ಣ ಬೇರೆ. ಮೂಲದಲ್ಲಿ ಇಲ್ಲದ ಬಣ್ಣಗಳ ಉಡುಪು ತೊಟ್ಟ ಆ ಭಾರತೀಯ ಸಿಪಾಯಿಗಳನ್ನು ಈಗ ವಿದೇಶದ ಸಂಗ್ರಾಹಕರು ಹುಡುಕಿ ಕೊಳ್ಳುತ್ತಾರೆ. ನಮ್ಮ ಊರುಗಳ ಅಟ್ಟದ ಮೇಲೆ ಹಳೆಯ ಟ್ರಂಕುಗಳಲ್ಲಿ ಅಂಥವು ಬಿದ್ದಿದ್ದರೆ ರದ್ದಿಯವನಿಗೆ ಹಾಕುವ ಮುನ್ನ ಒಮ್ಮೆ ನೋಡುವುದು ಒಳ್ಳೆಯದು.

ನೋಡುವುದಾದರೂ ಏನನ್ನು? ಮೊದಲು ಕೀಲು. ಬಣ್ಣ, ಬಂದೂಕು, ಮುಖದ ದೀಪ ಎಲ್ಲ ಆಮೇಲೆ. ಗೊಂಬೆಯ ಮೊಣಕಾಲನ್ನು ಮೆಲ್ಲಗೆ ಮಡಿಸಿ, ಬಿಟ್ಟು ನೋಡಿ. ನಿಲ್ಲಿಸಿದಲ್ಲಿ ನಿಂತರೆ ಒಳ್ಳೆಯದು. ತಾನಾಗಿ ಜಾರಿದರೆ ಸಡಿಲ. ಕಟ್ಟನೆ ಸದ್ದು ಮಾಡಿ ಒಮ್ಮೆಲೇ ಬಾಗಿದರೆ ಅದಕ್ಕಿಂತ ಕೆಟ್ಟದ್ದು, ಏಕೆಂದರೆ ಬಿಗಿ ಕೀಲು ತನ್ನ ಸೂಜಿಯನ್ನೇ ಮುರಿದುಕೊಳ್ಳುತ್ತದೆ. ಕೀಲಿನ ಸುತ್ತ ಪ್ಲಾಸ್ಟಿಕ್ಕು ಬೆಳ್ಳಗಾಗಿ ಗೆರೆ ಮೂಡಿದ್ದರೆ ಆ ಜಾಗ ಆಗಲೇ ದಣಿದಿದೆ ಎಂದರ್ಥ. ಬಲ್ಲ ತಯಾರಕರು ಒಂದೇ ಪ್ಲಾಸ್ಟಿಕ್ಕಿನಲ್ಲಿ ಇಡೀ ಗೊಂಬೆ ಮಾಡುವುದಿಲ್ಲ. ಮೈಯ ಕವಚಕ್ಕೆ ಗಡುಸಾದ ಎ.ಬಿ.ಎಸ್., ಬಾಗಬೇಕಾದ ಕೊಳವೆ, ಪಟ್ಟಿಗಳಿಗೆ ಮೆತ್ತನೆಯ ಪಿ.ವಿ.ಸಿ., ತಿಕ್ಕಾಟ ತಾಳಬೇಕಾದ ಕೀಲಿಗೆ ಜಾರುಗುಣದ ಪಿ.ಒ.ಎಂ. ಹೀಗೆ ಹಂಚುತ್ತಾರೆ.

ಕೈಯಲ್ಲಿ ಹಿಡಿದಾಗ ಭಾರವಿದ್ದರೆ ಗಟ್ಟಿಮುಟ್ಟು ಎಂದು ನಂಬುವವರು ಬಹಳ. ತಯಾರಕರಿಗೂ ಇದು ಗೊತ್ತು. ಅದಕ್ಕೇ ಒಳಗೆ ಸತುವಿನ ಮಿಶ್ರಲೋಹ ತುಂಬುತ್ತಾರೆ. ಪಾದದಲ್ಲಿ ಲೋಹವಿದ್ದರೆ ಸರಿ, ಗೊಂಬೆ ಬೇರೂರಿ ನಿಲ್ಲುತ್ತದೆ. ಎದೆಯಲ್ಲೂ ಭುಜದಲ್ಲೂ ಲೋಹ ಹೇರಿ ಸೊಂಟವನ್ನು ಮಾತ್ರ ಪ್ಲಾಸ್ಟಿಕ್ಕಿಗೆ ಬಿಟ್ಟರೆ ವರ್ಷ ತುಂಬುವುದರೊಳಗೆ ಯೋಧ ಮುದುಕನಂತೆ ಬಾಗುತ್ತಾನೆ. ತೂಕಕ್ಕೆ ಹಣ ಕೊಡುವುದು ಭತ್ತಕ್ಕೆ ಸರಿ, ಗೊಂಬೆಗಲ್ಲ.

ಅಸಲಿ, ನಕಲಿಯ ಪ್ರಶ್ನೆ ಇನ್ನೂ ಸ್ವಾರಸ್ಯದ್ದು. ಕರಗಿದ ಪ್ಲಾಸ್ಟಿಕ್ಕನ್ನು ಉಕ್ಕಿನ ಅಚ್ಚಿನೊಳಗೆ ಒತ್ತಡದಿಂದ ನುಗ್ಗಿಸಿ ಭಾಗಗಳನ್ನು ಮಾಡುತ್ತಾರೆ. ಅಚ್ಚಿನ ಎರಡು ಹೋಳು ಕೂಡುವಲ್ಲಿ ಕೂದಲೆಳೆಯ ಗೆರೆ ಉಳಿಯುತ್ತದೆ. ಒಳ್ಳೆಯ ಕೆಲಸದಲ್ಲಿ ಅದು ಕವಚದ ಅಂಚಿನಲ್ಲೋ ಒಳತೊಡೆಯಲ್ಲೋ ಅಡಗಿರುತ್ತದೆ, ಅಗ್ಗದ್ದರಲ್ಲಿ ಮುಖದ ನಡುವೆಯೇ ಹಾಯ್ದಿರುತ್ತದೆ. ನಕಲು ಮಾಡುವವರಲ್ಲಿ ಕೆಲವರು ಹೊಸ ಅಚ್ಚು ಕೊರೆಯುವ ಖರ್ಚಿಗೆ ಹೋಗದೆ ಅಸಲಿ ಗೊಂಬೆಯಿಂದಲೇ ಅಚ್ಚು ತೆಗೆಯುತ್ತಾರೆ. ಹೊಯ್ದದ್ದು ಆರುವಾಗ ತುಸು ಕುಗ್ಗುತ್ತದೆ. ಆದ್ದರಿಂದ ಅಂಥ ನಕಲಿ ಮೂಲಕ್ಕಿಂತ ಒಂದಿಷ್ಟು ಗಿಡ್ಡ, ಮೊಳೆಯ ತಲೆ, ಕವಚದ ಗೀರುಗಳು ಒಂದಿಷ್ಟು ಮೊಂಡು. ಗೋಕುಲ ರಸ್ತೆಯ ಯಾವುದೇ ವರ್ಕ್‌ಶಾಪಿನಲ್ಲಿ ಸಿಗುವ ವರ್ನಿಯರ್ ಕ್ಯಾಲಿಪರ್ ಇದನ್ನು ಪತ್ತೆ ಹಚ್ಚುತ್ತದೆ. ಪಕ್ಕದಲ್ಲಿ ಅಸಲಿ ಒಂದಿರಬೇಕು, ಅಷ್ಟೆ.

ಬಣ್ಣದ ವಿಷಯದಲ್ಲಿ ಯಂತ್ರಯೋಧನಿಗೆ ಬೇರೆಯದೇ ನ್ಯಾಯ. ಅವನು ಹೊಸದಾಗಿ ಹೊಳೆಯಬಾರದು, ಯುದ್ಧ ಮಾಡಿ ಬಂದವನಂತೆ ಕಾಣಬೇಕು. ಅದಕ್ಕಾಗಿ ತುಕ್ಕು, ಮಸಿ, ಗೀಚುಗಳನ್ನು ಬೇಕೆಂದೇ ಬಳಿಯುತ್ತಾರೆ. ಇಲ್ಲಿ ಬುದ್ಧಿವಂತ ಕೈ ಯಾವುದು, ಬೇಜವಾಬ್ದಾರಿ ಕೈ ಯಾವುದು ಎಂದು ತಿಳಿಯಲು ಮನೆಯ ಮುಂದೆ ನಿಂತ ಹಳೆಯ ಟ್ರ್ಯಾಕ್ಟರನ್ನು ನೋಡಿದರೆ ಸಾಕು. ಬಣ್ಣ ಹೋಗುವುದು ಕಾಲಿಡುವ ಮೆಟ್ಟಿಲಲ್ಲಿ, ಕೈ ತಾಗುವ ಹಿಡಿಕೆಯಲ್ಲಿ, ಅಂಚುಗಳಲ್ಲಿ. ಮಸಿ ಕೂರುವುದು ಹೊಗೆಕೊಳವೆಯ ಬಾಯಲ್ಲಿ. ಗೊಂಬೆಯ ಎದೆಯ ನಡುವೆ, ಏನೂ ತಾಗದ ಕಡೆ ಗೀಚು ಬಿದ್ದಿದ್ದರೆ ಬಳಿದವನು ಯಂತ್ರವನ್ನು ನೋಡಿಲ್ಲ.

ಈ ಕಣ್ಣು ನಮ್ಮ ಕಡೆಗೆ ಹೊಸದಲ್ಲ. ಕೊಪ್ಪಳದ ಹತ್ತಿರದ ಕಿನ್ನಾಳದ ಚಿತ್ರಗಾರರು ಹಗುರ ಮರದಲ್ಲಿ ಅಂಗಾಂಗಗಳನ್ನು ಬೇರೆ ಬೇರೆ ಕೆತ್ತಿ ಹುಣಸೆಬೀಜದ ಅಂಟಿನಿಂದ ಕೂಡಿಸುತ್ತಾರೆ. ಕೂಡಿದ ಜಾಗ ಕಾಣದಂತೆ ಮರದ ಹುಡಿಯ ಲೇಪ, ಅದರ ಮೇಲೆ ನುಣುಪಿನ ಬಿಳಿ ಲೇಪ, ಆಮೇಲೆ ಬಣ್ಣ. ಅಲ್ಲಿಯ ಗರುಡನ ರೆಕ್ಕೆಯನ್ನು ಪರೀಕ್ಷಿಸುವವರು ಭುಜದ ಕೂಡಿಕೆಯನ್ನೇ ಮೊದಲು ನೋಡಬೇಕು. ಅದೇ ಜಿಲ್ಲೆಯ ಭಾನಾಪುರದಲ್ಲಿ 2021ರ ಜನವರಿಯಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರಿಗೆ ಶಂಕುಸ್ಥಾಪನೆಯಾಯಿತು. ಅದನ್ನು ಕಟ್ಟಿದ ಏಕಸ್ ಕಂಪನಿಯ ಗ್ರಾಹಕರಲ್ಲಿ ಹಾಸ್‌ಬ್ರೋ ಕೂಡ ಇದೆ. ಕಿನ್ನಾಳದ ಮರದ ಕುದುರೆಯೂ ಜಗತ್ತಿನ ಪ್ಲಾಸ್ಟಿಕ್ ಆಟಿಕೆಯೂ ಒಂದೇ ಜಿಲ್ಲೆಯಲ್ಲಿ ತಯಾರಾಗುವ ಕಾಲವಿದು.

ಇನ್ನು ತಂದೆತಾಯಂದಿರು ಮರೆಯಬಾರದ ಒಂದು ಮಾತಿದೆ. ಕೇಂದ್ರ ಸರ್ಕಾರ 2021ರ ಜನವರಿ 1ರಿಂದ ಜಾರಿಗೆ ತಂದ ಆದೇಶದಂತೆ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐ.ಎಸ್.ಐ. ಮುದ್ರೆ ಕಡ್ಡಾಯ. ಚೂಪು ಅಂಚು, ನುಂಗಬಹುದಾದ ಚೂರು, ಬಣ್ಣದಲ್ಲಿ ಸೀಸ ಇವೆಲ್ಲ ಪರೀಕ್ಷೆಗೆ ಒಳಪಡುತ್ತವೆ. ಭೌಗೋಳಿಕ ಗುರುತು ಪಡೆದ ಕರಕುಶಲ ಗೊಂಬೆಗಳಿಗೆ ವಿನಾಯಿತಿ ಕೊಟ್ಟಿದ್ದಾರೆ. ಸಂಗ್ರಾಹಕರ ರೋಬೋ ಪೆಟ್ಟಿಗೆಯ ಮೇಲೆ ‘15 ವರ್ಷ ಮೇಲ್ಪಟ್ಟವರಿಗೆ’ ಎಂದು ಅಚ್ಚು ಹಾಕಿರುವುದುಂಟು. ಅದು ದೊಡ್ಡಸ್ತಿಕೆಯ ಬಿರುದಲ್ಲ. ಮಕ್ಕಳ ಪರೀಕ್ಷೆಗೆ ಇದು ಒಳಪಟ್ಟಿಲ್ಲದಿರಬಹುದು ಎಂಬ ಎಚ್ಚರಿಕೆಯೆಂದೇ ತಿಳಿಯಬೇಕು. ಅಣ್ಣನ ಕಪಾಟಿನ ಯೋಧನನ್ನು ಮೂರು ವರ್ಷದ ತಂಗಿಯ ಕೈಗೆ ಕೊಡಬೇಡಿ. ಬೆರಳುದ್ದದ ಆ್ಯಂಟೆನಾ ಕಣ್ಣಿಗೆ ಚುಚ್ಚೀತು, ಬಂದೂಕಿನ ತುದಿ ಗಂಟಲಿಗೆ ಇಳಿದೀತು.

ತಂದ ಮೇಲೆ ಕಾಪಾಡುವುದೂ ಒಂದು ಕೆಲಸವೇ. ಕಿಟಕಿಯ ಬಿಸಿಲಿಗೆ ತಿಳಿಬಣ್ಣದ ಎ.ಬಿ.ಎಸ್. ಹಳದಿಯಾಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿಟ್ಟ ಮೆತ್ತನೆಯ ಪಿ.ವಿ.ಸಿ. ವರ್ಷಗಳು ಕಳೆದಂತೆ ಅಂಟಂಟಾಗುತ್ತದೆ. ಧಾರವಾಡದ ಮಳೆಗಾಲದ ತೇವಕ್ಕೆ ಸಣ್ಣ ತಿರುಪುಗಳು ತುಕ್ಕು ಹಿಡಿಯುತ್ತವೆ. ಒಳಗಿನ ಬ್ಯಾಟರಿ ತೆಗೆಯದಿದ್ದರೆ ಸೋರಿ ತಂತಿಯನ್ನು ತಿನ್ನುತ್ತದೆ.

ಎಷ್ಟು ಜೋಪಾನ ಮಾಡಿದರೂ ಒಂದು ದಿನ ಏನಾದರೂ ಮುರಿಯುತ್ತದೆ. ಹಳೆಯ ಜಿ.ಐ. ಜೋದ ಮುಂಡ, ಸೊಂಟಗಳನ್ನು ಹಿಡಿದಿಡುವುದು ಎದೆಯೊಳಗಿನ ಒಂದು ರಬ್ಬರ್ ಉಂಗುರ. ಅದು ಹರಿದರೆ ಬೆನ್ನಿನ ಒಂದು ತಿರುಪು ಬಿಚ್ಚಿ ಹೊಸದು ಹಾಕಿದರಾಯಿತು. ಕಿನ್ನಾಳದ ಗೊಂಬೆಯ ಕೈ ಕಳಚಿದರೆ ಹುಣಸೆ ಅಂಟಿದೆ. ಹೊಸ ಕಾಲದ ರೋಬೋದ ಪಿ.ಒ.ಎಂ. ಕೀಲು ಮುರಿದರೆ ಮಾತ್ರ ಅಂಗಡಿಯ ಸಾಮಾನ್ಯ ಅಂಟು ಹಿಡಿಯುವುದಿಲ್ಲ, ಜಾರುವುದೇ ಅದರ ಗುಣವಲ್ಲವೇ? ಎರಡೂ ತುಂಡುಗಳಿಗೆ ಸೂಜಿಗಾತ್ರದ ತೂತು ಕೊರೆದು ನಡುವೆ ಹಿತ್ತಾಳೆಯ ತಂತಿ ಕೂಡಿಸಬೇಕು. ಈ ಕೆಲಸಕ್ಕೆ ಗಡಿಯಾರ ರಿಪೇರಿಯವರ ಕೈ ಒಳ್ಳೆಯದು.