ಉಪ್ಪು ತಿಂದು ನೀರು ಕುಡಿಯುವ ಗಿಡ

‘ಉಪ್ಪು ತಿಂದವ ನೀರು ಕುಡಿಯಲೇಬೇಕು’ ಎಂಬ ನಮ್ಮ ಗಾದೆ ಮನುಷ್ಯರಿಗಷ್ಟೇ ಅಲ್ಲ, ಉಮರಿ ಎಂಬ ಗಿಡಕ್ಕೂ ಒಪ್ಪುತ್ತದೆ. ಉಮರಿ ಅನ್ನೋದು ತಮಿಳು ಹೆಸರು. ಸಸ್ಯಶಾಸ್ತ್ರಜ್ಞರು ಸುಯೇಡ ಎನ್ನುತ್ತಾರೆ.

ನಮ್ಮ ಕೋಯಂಬೇಡಿನ ಬದಿಯಲ್ಲಿ ಹರಿಯುವ ಕೂವಂ ನದಿ ನೇಪಿಯರ್ ಸೇತುವೆ ದಾಟಿ ಸಮುದ್ರ ಸೇರುತ್ತದೆ. ಅಲ್ಲಿಂದ ದಕ್ಷಿಣಕ್ಕೆ ಅಡಯಾರಿನ ಅಳಿವೆ, ಉತ್ತರಕ್ಕೆ ಎಣ್ಣೂರಿನ ಹಿನ್ನೀರು. ಉಬ್ಬರದ ನೀರು ಬಂದುಹೋಗುವ ಇಂಥ ಚೌಳು ನೆಲವೇ ಉಮರಿಯ ಮನೆ. ನಮ್ಮ ಕರಾವಳಿಯವರು ಕಾಂಡ್ಲ ಎನ್ನುವ ಮರಗಳ ಹಿಂದೆ ಇದು ಬೆಳೆಯುತ್ತದೆ. ಮೊಣಕಾಲೆತ್ತರದ ಜಾತಿಯೂ ಉಂಟು, ಆಳೆತ್ತರ ಮೀರುವ ಪೊದೆಯೂ ಉಂಟು.

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಬೇರೆ ಗಿಡಗಳು ಇಲ್ಲಿ ಯಾಕೆ ಬದುಕೋದಿಲ್ಲ? ಉಪ್ಪಿನಕಾಯಿ ಹಾಕುವಾಗ ಮಾವಿನ ಹೋಳಿಗೆ ಉಪ್ಪು ಬೆರೆಸಿದರೆ ಹೋಳು ನೀರು ಬಿಡುತ್ತದೆ ನೋಡಿ, ಬೇರಿನ ಪಾಡೂ ಅದೇ. ಹೊರಗಿನ ಉಪ್ಪು ನೀರನ್ನು ತನ್ನ ಕಡೆ ಎಳೆಯುತ್ತದೆ.

ಉಮರಿ ಮಾಡೋದು ಇಷ್ಟೇ: ತಾನೇ ಉಪ್ಪನ್ನು ಒಳಗೆ ತೆಗೆದುಕೊಳ್ಳುತ್ತದೆ. ಒಳಗಿನ ಉಪ್ಪು ಹೊರಗಿಗಿಂತ ಹೆಚ್ಚಾದಾಗ ನೀರು ಹಿಂದೆಯೇ ಬರುತ್ತದೆ. ಆದರೆ ಜೀವಕೋಶದ ಕೆಲಸ ನಡೆಯುವ ಭಾಗಕ್ಕೆ ಉಪ್ಪು ವಿಷ. ಆದ್ದರಿಂದ ಅದನ್ನು ಕೋಶದೊಳಗಿನ ನೀರಿನ ಚೀಲದಲ್ಲಿ, ಗೋಡೌನಿಗೆ ಹಾಕಿ ಬೀಗ ಜಡಿದಂತೆ, ಇಟ್ಟುಬಿಡುತ್ತದೆ. ಉಳಿದ ಭಾಗದಲ್ಲಿ ಬೀಟೇನ್‌ನಂಥ ನಿರಪಾಯ ವಸ್ತು ತುಂಬಿ ತೂಕ ಸರಿದೂಗಿಸುತ್ತದೆ. ನಾವು ಕಾಮರ್ಸಿನವರು ಕಷ್ಟಪಟ್ಟು ಹೊಂದಿಸುವ ಎರಡು ಕಡೆಯ ಲೆಕ್ಕವನ್ನು ಈ ಗಿಡ ದಿನವೂ ಹೊಂದಿಸುತ್ತೆ! ಎಲೆ ದಪ್ಪಗೆ ಉಬ್ಬಿರುವುದು ಆ ನೀರಿನಿಂದಲೇ. ಹಳೆಯ ಎಲೆ ಉದುರುವಾಗ ಅದರೊಳಗಿನ ಉಪ್ಪೂ ಹೋಗುತ್ತದೆ. ಕೆಲವೊಮ್ಮೆ ಗಿಡ ಕೆಂಪಾಗುವುದು ಬೀಟ್‌ರೂಟಿನ ಜಾತಿಯ ಬಣ್ಣದಿಂದ. ಬೀಟ್‌ರೂಟು, ದಂಟು, ಪಾಲಕ್ ಎಲ್ಲ ಇದರ ನೆಂಟರೇ.

ಎಳೆಯ ಕುಡಿಗಳನ್ನು ಬೇಯಿಸಿ, ಉಪ್ಪಿನ ನೀರು ಬಸಿದು ಪಲ್ಯ ಮಾಡುವುದುಂಟು. ಹಿಂದೆ ಯುರೋಪಿನಲ್ಲಿ ಇಂಥ ಗಿಡಗಳನ್ನು ಸುಟ್ಟ ಬೂದಿಯ ಸೋಡದಿಂದ ಸಾಬೂನು, ಗಾಜು ಮಾಡುತ್ತಿದ್ದರು. 1791ರಲ್ಲಿ ಫ್ರಾನ್ಸಿನ ಲೆಬ್ಲಾಂಕ್ ಅಡಿಗೆ ಉಪ್ಪಿನಿಂದಲೇ ಸೋಡ ತಯಾರಿಸುವ ವಿಧಾನಕ್ಕೆ ಪೇಟೆಂಟ್ ಪಡೆದ; ಮುಂದೆ ಆ ವ್ಯಾಪಾರ ಬಿದ್ದುಹೋಯಿತು.

ಉಮರಿಗೆ ಉಪ್ಪಿನ ಭಯವಿಲ್ಲ, ಇರುವುದು ಮಣ್ಣು ತುಂಬುವವರ ಭಯ. ಉಬ್ಬರ ನಿಂತು ಮಳೆಗೆ ಉಪ್ಪು ತೊಳೆದುಹೋದರೆ ಸಾಮಾನ್ಯ ಕಳೆಗಳು ಬಂದು ಇದನ್ನು ಹೊರದಬ್ಬುತ್ತವೆ. ಜೌಗು ಅಂದರೆ ಪಾಳು ಜಾಗ ಅಂತ ನಾವು ತಿಳಿದಿದ್ದೇವೆ. ಇದೇ ಊರಿನ ಪಳ್ಳಿಕರಣೆ ಜೌಗಿನಲ್ಲಿ ಕಸ ಸುರಿದರು, ಕಟ್ಟಡ ಕಟ್ಟಿದರು. 2015ರ ಡಿಸೆಂಬರಿನಲ್ಲಿ ಚೆನ್ನೈ ಮುಳುಗಿದಾಗ, ಮಳೆನೀರಿಗೆ ನಿಲ್ಲಲು ಜಾಗ ಬೇಕೆಂಬುದು ಎಲ್ಲರಿಗೂ ಗೊತ್ತಾಯಿತು. 2022ರಲ್ಲಿ ಪಳ್ಳಿಕರಣೆ ರಾಮ್ಸಾರ್ ಪಟ್ಟಿಗೆ ಸೇರಿತು. ಇಂಥ ನೆಲವನ್ನು ಬರೇ ಸೈಟಿನ ದರದಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ, ಮಿತ್ರರೇ. ಆ ತಪ್ಪಿನ ನಷ್ಟ ಮಳೆಗಾಲದಲ್ಲಿ ನಮ್ಮ ಮನೆಬಾಗಿಲಿಗೇ ಬರುತ್ತದೆ.