ಚಿತ್ತಾಲರ 'ಶಿಕಾರಿ': ಓದಿನಲ್ಲಿ ಮೈಮರೆಯುವುದೆಂದರೇನು?

ಕಲ್ಯಾಣ್ ಫಾಸ್ಟ್ ಲೋಕಲಿನಲ್ಲಿ ಥಾಣೆಗೆ ಬರುವವರು ಬಹಳ ಮೊದಲೇ ಬಾಗಿಲ ಬಳಿಗೆ ಸರಿದು ನಿಲ್ಲಬೇಕೆಂಬುದನ್ನು ನೌಪಾಡಾದ ನಿವಾಸಿಗಳಿಗೆ ಹೇಳಿಕೊಡಬೇಕಾಗಿಲ್ಲ. ಹೀಗಿದ್ದೂ, ಹಲವು ವರ್ಷಗಳ ಹಿಂದೊಂದು ಸಂಜೆ ಥಾಣೆ ಬಂದುಹೋದದ್ದನ್ನೇ ಅರಿಯದೆ ನಾನು ಡೊಂಬಿವಲಿಯಲ್ಲಿ ಇಳಿದು ಮರಳಬೇಕಾಯಿತು. ಅಂದು ನನ್ನ ಕೈಯಲ್ಲಿದ್ದುದು ಯಶವಂತ ಚಿತ್ತಾಲರ 'ಶಿಕಾರಿ'.

1928ರಲ್ಲಿ ಉತ್ತರ ಕನ್ನಡದ ಹನೇಹಳ್ಳಿಯಲ್ಲಿ ಜನಿಸಿದ ಚಿತ್ತಾಲರು ವೃತ್ತಿಯಿಂದ ರಾಸಾಯನಿಕ ತಂತ್ರಜ್ಞರು. ಬದುಕಿನ ಬಹುಭಾಗವನ್ನು ಮುಂಬಯಿಯಲ್ಲಿಯೇ ಕಳೆದು, 2014ರಲ್ಲಿ ಇಲ್ಲಿಯೇ ನಿಧನರಾದರು. 1979ರಲ್ಲಿ ಪ್ರಕಟವಾದ 'ಶಿಕಾರಿ'ಯ ನಾಯಕ ನಾಗಪ್ಪನೂ ಹನೇಹಳ್ಳಿಯ ನೆನಪುಗಳನ್ನು ಹೊತ್ತು ಮುಂಬಯಿಯ ಕಂಪನಿಯೊಂದರಲ್ಲಿ ದುಡಿಯುವವನು. ಒಂದು ದಿನ ಅವನನ್ನು ಕೆಲಸದಿಂದ ದೂರವಿಡಲಾಗುತ್ತದೆ. ತನ್ನ ಮೇಲಿನ ಆಪಾದನೆ ಏನು, ಅದರ ಹಿಂದೆ ಯಾರಿದ್ದಾರೆ ಎಂಬುದು ಅವನಿಗೆ ಸ್ಪಷ್ಟವಿಲ್ಲ. ಬೇಟೆಗಾರ ಯಾರು, ಬೇಟೆ ಯಾರು ಎಂಬ ಪ್ರಶ್ನೆಯೇ ಕಾದಂಬರಿಯ ಉಸಿರು.

ಕೃತಿಯೊಂದರಲ್ಲಿ ಹೀಗೆ ಮುಳುಗಿಹೋಗುವುದನ್ನು ನಮ್ಮ ಕಾವ್ಯಮೀಮಾಂಸಕರು ಸಾವಿರ ವರ್ಷಗಳ ಹಿಂದೆಯೇ ಗುರುತಿಸಿದ್ದರು. ವರ್ಣಿತವಾದುದರೊಡನೆ ತನ್ಮಯನಾಗುವ ಯೋಗ್ಯತೆಯುಳ್ಳವನೇ ಸಹೃದಯನೆಂಬುದು ಕಾಶ್ಮೀರದ ಅಭಿನವಗುಪ್ತನ ಅಭಿಪ್ರಾಯ. ಅಮೆರಿಕದ ಮನೋವಿಜ್ಞಾನಿಗಳಾದ ಮೆಲನಿ ಗ್ರೀನ್ ಮತ್ತು ಟಿಮೊತಿ ಬ್ರಾಕ್ 2000ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಓದುಗನು ಕಥೆಯೊಳಕ್ಕೆ ಸಾಗಿಸಲ್ಪಡುವುದರ ಕುರಿತು ವಿವೇಚಿಸಿದ್ದಾರೆ. ಗಮನ, ಭಾವನೆ, ಕಣ್ಣಮುಂದೆ ಮೂಡುವ ಚಿತ್ರ ಇವು ಮೂರೂ ಕಥೆಯ ಕಡೆಗೇ ಹರಿದಾಗ ಸುತ್ತಲಿನ ಲೋಕ ಹಿಂದೆ ಸರಿಯುತ್ತದೆ. ಹಾಗೆ ಸರಿದ ಲೋಕದಲ್ಲಿ ಥಾಣೆ ನಿಲ್ದಾಣವೂ ಸೇರಿತ್ತು.

'ಶಿಕಾರಿ'ಯಲ್ಲಿ ಇದು ಸಾಧ್ಯವಾಗುವುದಕ್ಕೆ ಕಾರಣವಿದೆ. ನಾವು ಬಹುಮಟ್ಟಿಗೆ ನಾಗಪ್ಪನ ಮನಸ್ಸಿನೊಳಗೇ ಇರುತ್ತೇವೆ. ಅವನಿಗೆ ತಿಳಿಯದುದು ನಮಗೂ ತಿಳಿಯದು. ಅವನು ಶಂಕಿಸಿದವರನ್ನು ನಾವೂ ಶಂಕಿಸುತ್ತೇವೆ. 1925ರಲ್ಲಿ ಬೆಳಕು ಕಂಡ ಕಾಫ್ಕಾನ 'ದಿ ಟ್ರಯಲ್' ಕಾದಂಬರಿಯ ನಾಯಕನೂ ತನ್ನ ಅಪರಾಧವೇನೆಂದು ತಿಳಿಯದೆ ತೊಳಲುತ್ತಾನೆ. ಆದರೆ ಅಲ್ಲಿಯ ನಗರಕ್ಕೆ ಹೆಸರಿಲ್ಲ. ಇಲ್ಲಿರುವುದು ನಾವು ದಿನನಿತ್ಯ ಓಡಾಡುವ ಮುಂಬಯಿ. ನಾಗಪ್ಪನ ಭಯವೂ ನಮಗೆ ಅಪರಿಚಿತವಲ್ಲ.

ಅದು ಎಷ್ಟು ಪರಿಚಿತವೆಂಬುದು ಅಂದು ತಡವಾಗಿ ಮನೆ ಸೇರಿದಾಗ ತಿಳಿಯಿತು. ನನ್ನ ತಂದೆಯವರು ಥಾಣೆ-ಬೇಲಾಪುರ ರಸ್ತೆಯ ಕಾರ್ಖಾನೆಯೊಂದರಲ್ಲಿ ದುಡಿದವರು. ಪುಸ್ತಕವನ್ನು ಕೈಗೆತ್ತಿಕೊಂಡು, "ಈ ನಾಗಪ್ಪನನ್ನು ನಾನು ಬಲ್ಲೆ ಮಗಾ" ಎಂದರು. ನಾನು ಶಾಲೆಯಲ್ಲಿದ್ದಾಗ ಅವರನ್ನು ಮೂರು ತಿಂಗಳು ಕೆಲಸದಿಂದ ಹೊರಗಿಟ್ಟಿದ್ದರಂತೆ. ಆ ದಿನಗಳಲ್ಲಿಯೂ ಅವರು ಡಬ್ಬಿ ಹಿಡಿದು ಹೊತ್ತಿಗೆ ಸರಿಯಾಗಿ ಹೊರಡುತ್ತಿದ್ದರು. ಅಮ್ಮನಿಗೆ ಮಾತ್ರ ವಿಷಯ ಗೊತ್ತಿತ್ತು. ಅಲ್ಲಿಯವರೆಗೆ ಮನೆಯಲ್ಲಿ ಆಡದಿದ್ದ ಮಾತನ್ನು ಒಂದು ಕಾದಂಬರಿ ಆಡಿಸಿತು.

ಊರು ಬಿಟ್ಟು ಬಂದು ಇಲ್ಲಿ ನೆಲೆ ಕಂಡ ಹಿರಿಯರು ಗೆಲುವಿನ ಕಥೆಗಳನ್ನು ಮಕ್ಕಳಿಗೆ ಹೇಳಿದ್ದಾರೆ; ಅಂಜಿಕೆ, ಅವಮಾನಗಳನ್ನು ನುಂಗಿಕೊಂಡಿದ್ದಾರೆ. ಅವುಗಳಿಗೆ ಮಾತು ಕೊಟ್ಟವರು ಚಿತ್ತಾಲರಂತಹ ಲೇಖಕರು. ಮುಂಬಯಿಯಲ್ಲಿದ್ದು ಬರೆದ ವ್ಯಾಸರಾಯ ಬಲ್ಲಾಳರ 'ಬಂಡಾಯ' ಕಾದಂಬರಿಗೆ 1986ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು.

'ಶಿಕಾರಿ' ಸುಲಭದ ಓದಲ್ಲ. ಮೊದಲ ಕೆಲವು ಪುಟಗಳಿಗೆ ತಾಳ್ಮೆ ಬೇಕು. ಕನ್ನಡ ಮಾತನಾಡಬಲ್ಲ, ಆದರೆ ಓದಲಾರದ ಮಕ್ಕಳು ಮನೆಯಲ್ಲಿದ್ದರೆ ದಿನಕ್ಕೆ ನಾಲ್ಕು ಪುಟ ಗಟ್ಟಿಯಾಗಿ ಓದಿ ಹೇಳಬಹುದು. ನಡುವೆ ಅವರು ಪ್ರಶ್ನೆ ಕೇಳಿದರೆ ಪುಸ್ತಕ ಮುಚ್ಚಿಟ್ಟು ಉತ್ತರಿಸಿರಿ. ಲೋಕಲಿನಲ್ಲಿ ಓದುವವರು ಮಾತ್ರ ಥಾಣೆಯ ಕಡೆಗೆ ಒಂದು ಕಣ್ಣಿಟ್ಟಿರುವುದು ಒಳಿತು.