ಕೈಯಿಂದ ಹಾಕಿದ ಹಣ

ಗುತ್ತಿಗೆಯ ಮೇಲೆ ಹಿಡಿದ ಕೆಲಸವು ಮುನ್ಸೂಚನೆಯಿಲ್ಲದೆ ನಿಂತುಹೋದಾಗ ಕೆಲಸಗಾರನಿಗೆ ಎರಡು ಬಗೆಯ ನಷ್ಟವು ತಟ್ಟುತ್ತದೆ. ಮುಂದೆ ಬರಬೇಕಾಗಿದ್ದ ಸಂಪಾದನೆಯು ತಪ್ಪುವುದು ಒಂದು. ಇದು ಎಲ್ಲರ ಕಣ್ಣಿಗೂ ಬೀಳತಕ್ಕದ್ದು. ನಾಲ್ಕು ಜನರು ಅಯ್ಯೋ ಪಾಪವೆನ್ನುತ್ತಾರೆ. ಕೆಲಸ ಕೊಟ್ಟವರ ಮಾತನ್ನು ನಂಬಿ ಅವನು ತನ್ನ ಕೈಯಿಂದ ಹಾಕಿದ ಹಣವು ಮರಳದಿರುವುದು ಇನ್ನೊಂದು. ಬಸ್ಸಿನ ಚಾರ್ಜು, ಊರೂರಲ್ಲಿ ಇಳಿದುಕೊಂಡ ಕೋಣೆಯ ಬಾಡಿಗೆ, ಕಾಗದಪತ್ರಗಳ ನಕಲಿನ ಖರ್ಚು, ಜೊತೆಗೆ ಕರೆದೊಯ್ದ ಆಳುಗಳ ಕೂಲಿ, ಇವು ಬಿಡಿಬಿಡಿಯಾಗಿ ಸಣ್ಣವು. ಆದುದರಿಂದಲೇ ಕೇಳುವವನಿಗೆ ನಾಚಿಕೆ, ಕೊಡಬೇಕಾದವನಿಗೆ ಉದಾಸೀನ. ಕೆಲಸವನ್ನು ನಿಲ್ಲಿಸುವ ಹಕ್ಕು ಕೆಲಸ ಕೊಟ್ಟವರಿಗೆ ಇರಬಹುದು. ಬೇರೊಬ್ಬನ ಜೇಬಿನಿಂದ ತಮ್ಮ ಕಾರ್ಯವನ್ನು ನಡೆಯಿಸಿಕೊಳ್ಳುವ ಹಕ್ಕು ಯಾರಿಗೂ ಇಲ್ಲವೆಂಬುದು ನಮ್ಮ ಅಭಿಪ್ರಾಯ.

ಈ ಮಾತನ್ನು ಬರೆಯುವಾಗ ನಮ್ಮ ಲೇಖನಿಯೇ ಒಮ್ಮೆ ತಡೆಯುತ್ತದೆ. ಪತ್ರಿಕೆಗಳವರು ಈ ದೋಷಕ್ಕೆ ಹೊರಗಾದವರಲ್ಲ. ಕೆಲವು ವರ್ಷಗಳ ಹಿಂದೆ ನಾವು ಪುಟಗಳನ್ನು ಇಳಿಸಿದಾಗ, ತಾಲ್ಲೂಕಿನ ಬಾತ್ಮೀದಾರರೊಬ್ಬರಿಗೆ ನಾಳೆಯಿಂದ ಸುದ್ದಿ ಕಳುಹಿಸಬೇಕಾಗಿಲ್ಲವೆಂದು ನಮ್ಮ ಕಾರ್ಯಾಲಯದಿಂದ ಎರಡು ಸಾಲಿನ ಪತ್ರ ಹೋಯಿತು. ತಿಂಗಳಾದ ಮೇಲೆ ಅವರು ಖುದ್ದಾಗಿ ಬಂದರು. ನಾವು ಪುಟಗಳ ಕಷ್ಟವನ್ನು ವಿವರಿಸತೊಡಗಲು ಅವರು ಕೈಯೆತ್ತಿ, “ಕೆಲಸ ಕೇಳಲು ಬಂದಿಲ್ಲ ಸ್ವಾಮಿ, ಬಸ್ಸಿನ ದುಡ್ಡು ಕೇಳಲು ಬಂದೆ” ಎಂದರು. ಮೂರು ತಿಂಗಳ ಪ್ರಯಾಣದ ಬಿಲ್ಲುಗಳು ನಮ್ಮ ವ್ಯವಸ್ಥಾಪಕರ ಮೇಜಿನ ಸೆಳೆಖಾನೆಯಲ್ಲಿಯೇ ಇದ್ದವು. ಅಂದೇ ಹಣವನ್ನು ಎಣಿಸಿ ಕೊಟ್ಟೆವು. ಅವರು ಬಾರದೆ ಇದ್ದಿದ್ದರೆ ಕೊಡುತ್ತಿದ್ದೆವೆಂದು ಹೇಳುವ ಧೈರ್ಯ ನಮಗಿಲ್ಲ.

ಲೋಕದಲ್ಲಿ ಇದು ಹೊಸ ವ್ಯಾಜ್ಯವಲ್ಲ. 1831ರಲ್ಲಿ ಇಂಗ್ಲೆಂಡಿನ ನ್ಯಾಯಾಸ್ಥಾನದ ಮುಂದೆ ಪ್ಲಾಂಶೆ ಎಂಬ ಗ್ರಂಥಕರ್ತನ ಮೊಕದ್ದಮೆ ಬಂದಿತು. ಬಾಲಕರಿಗಾಗಿ ಹೊರಡುತ್ತಿದ್ದ ಒಂದು ಗ್ರಂಥಮಾಲೆಗೆ ಹಳೆಯ ಕಾಲದ ಉಡುಪು ಹಾಗೂ ಕವಚಗಳ ವಿಷಯವಾಗಿ ಪುಸ್ತಕ ಬರೆದುಕೊಡಲು ಆತನು 100 ಪೌಂಡಿಗೆ ಒಪ್ಪಿದ್ದನು. ಕವಚಗಳ ಸಂಗ್ರಹವನ್ನು ನೋಡಲು ಪ್ರಯಾಣ ಮಾಡಿದನು, ಚಿತ್ರಗಳನ್ನು ಬರೆದನು, ಪುಸ್ತಕದ ಒಂದು ಭಾಗವನ್ನು ಮುಗಿಸಿಯೂ ಇದ್ದನು. ಅಷ್ಟರಲ್ಲಿ ಪ್ರಕಾಶಕರು ಮಾಲೆಯನ್ನೇ ನಿಲ್ಲಿಸಿಬಿಟ್ಟರು. ಪುಸ್ತಕವನ್ನು ಪೂರ್ತಿಯಾಗಿ ಒಪ್ಪಿಸಲಿಲ್ಲವಾದುದರಿಂದ ಏನೂ ಸಲ್ಲದೆಂಬ ಪ್ರಕಾಶಕರ ವಾದವು ನಿಲ್ಲಲಿಲ್ಲ. ಗೊತ್ತುಮಾಡಿದ ಸಂಭಾವನೆಯಲ್ಲಿ ಸುಮಾರು ಅರ್ಧ ಭಾಗವು ಆತನಿಗೆ ದೊರೆಯಿತು.

ನಮ್ಮ ದೇಶದಲ್ಲಿ 1872ರ ಕರಾರು ಕಾಯಿದೆಯೇ ಇಂದಿಗೂ ಆಧಾರ. ಕರಾರನ್ನು ಮುರಿದವನು, ಅದರಿಂದ ಸಹಜವಾಗಿ ಉಂಟಾದ ನಷ್ಟವನ್ನು ತುಂಬಿಕೊಡಬೇಕೆಂದು 73ನೆಯ ಕಲಮು ವಿಧಿಸುತ್ತದೆ. ಇನ್ನೊಬ್ಬರ ಪರವಾಗಿ ಮೂರನೆಯವರೊಡನೆ ವ್ಯವಹರಿಸುವ ಏಜೆಂಟನಿಗಾದರೆ ರಕ್ಷೆ ಇನ್ನೂ ಹೆಚ್ಚು. ಅವನನ್ನು ಬಿಡಿಸುವ ಮುಂಚೆ ಸಮಂಜಸವಾದ ನೋಟೀಸು ಕೊಡಬೇಕು, ಇಲ್ಲವಾದರೆ ನಷ್ಟ ಕಟ್ಟಿಕೊಡಬೇಕು ಎಂದು 206ನೆಯ ಕಲಮು ಹೇಳುತ್ತದೆ. ಯಜಮಾನನ ಪರವಾಗಿ ತನ್ನ ಕೈಗೆ ಬಂದ ಹಣದಲ್ಲಿ, ತಾನು ಯುಕ್ತವಾಗಿ ಮಾಡಿದ ಖರ್ಚನ್ನು ಅವನು ಹಿಡಿದುಕೊಳ್ಳಬಹುದೆಂದು 217ನೆಯ ಕಲಮಿನಲ್ಲಿದೆ. ಕರಾರೇ ಸರಿಯಾಗಿ ಏರ್ಪಡದ ಸಂದರ್ಭಕ್ಕೆ 70ನೆಯ ಕಲಮು ಒದಗುತ್ತದೆ: ಧರ್ಮಾರ್ಥವೆಂಬ ಭಾವನೆಯಿಲ್ಲದೆ ಒಬ್ಬನು ನ್ಯಾಯವಾಗಿ ಮಾಡಿದ ಕೆಲಸದ ಫಲವನ್ನು ಇನ್ನೊಬ್ಬನು ಅನುಭವಿಸಿದರೆ ಅದಕ್ಕೆ ಪ್ರತಿಫಲ ಕೊಡಬೇಕು. ಆದರೆ ಫಲವೇ ಕೆಲಸ ಕೊಟ್ಟವರ ಕೈಸೇರದೆ ಅರ್ಧದಲ್ಲಿ ನಿಂತುಹೋದಲ್ಲಿ ಈ ಕಲಮಿನಿಂದ ಪ್ರಯೋಜನವಿಲ್ಲ. ಕರಾರಿನ ಭಂಗವನ್ನೇ ಸಾಧಿಸಬೇಕಾಗುತ್ತದೆ. ಮುಂದಿನ ಸಂಪಾದನೆಯ ವಿಷಯದಲ್ಲಿಯೂ ಅತ್ಯಾಶೆ ಸಲ್ಲದು. 30 ದಿನಗಳ ನೋಟೀಸಿನಿಂದ ಕೊನೆಗಾಣಿಸಬಹುದಾಗಿದ್ದ ಒಂದು ಗ್ಯಾಸ್ ವಿತರಣೆಯ ಕರಾರಿನ ಮೊಕದ್ದಮೆಯಲ್ಲಿ, ಆ 30 ದಿನಗಳ ಸಂಪಾದನೆ ಮಾತ್ರವೇ ಪರಿಹಾರವೆಂದು ಸುಪ್ರೀಂ ಕೋರ್ಟು 1990ರ ದಶಕದ ಆರಂಭದಲ್ಲಿ ತೀರ್ಮಾನಿಸಿದೆ.

ಅಧಿಕಾರಿಗಳು ವಿಶೇಷವಾಗಿ ಗಮನಿಸಬೇಕಾದ ಮೊಕದ್ದಮೆಯು ಬಂಗಾಳದ್ದು. 1943ರ ಭೀಕರ ಕ್ಷಾಮದ ಮರುವರ್ಷ, ಆರಾಮಬಾಗಿನಲ್ಲಿ ಸರಬರಾಯಿ ಇಲಾಖೆಗಾಗಿ ಕಚ್ಚಾ ರಸ್ತೆ, ಕಾವಲಿನ ಕೋಣೆ, ಕಛೇರಿ, ಅಡಿಗೆಮನೆ, ದಾಸ್ತಾನಿನ ಷೆಡ್ಡುಗಳನ್ನು ಮಂಡಲ್ ಎಂಬ ಹೆಸರಿನ ಗುತ್ತಿಗೆಯ ಸಂಸ್ಥೆಯವರು ಅಧಿಕಾರಿಗಳ ಕೋರಿಕೆಯಂತೆ ಕಟ್ಟಿಕೊಟ್ಟರು. ಇಲಾಖೆಯು ಅವನ್ನು ಉಪಯೋಗಿಸಿತು. ಹಣ ಕೇಳಿದಾಗ, 1935ರ ಕಾಯಿದೆಯು ಹೇಳುವ ರೀತಿಯಲ್ಲಿ ಕರಾರು ಬರೆದಿಲ್ಲ, ಕೋರಿದ ಅಧಿಕಾರಿಗೆ ಆ ಅಧಿಕಾರವೇ ಇರಲಿಲ್ಲವೆಂಬ ಉತ್ತರ ಬಂದಿತು. ಆ ಕೆಲಸವನ್ನು ಹೇಳಿದ್ದು ಪರಕೀಯರ ಆಡಳಿತ. ಹದಿನೇಳು ವರ್ಷಗಳ ತರುವಾಯ 1961ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಅದೇ ನೆಪವನ್ನು ಹಿಡಿದು ನಿಂತುದು ನಮ್ಮದೇ ಸರ್ಕಾರ! ಕೋರ್ಟು 70ನೆಯ ಕಲಮಿನ ಮೇಲೆ ಗುತ್ತಿಗೆದಾರರ ಕಡೆಗೇ ತೀರ್ಪಿತ್ತಿತು. ಇಂದು ಸಂವಿಧಾನದ 299ನೆಯ ವಿಧಿಯಲ್ಲಿ ಅದೇ ಬಗೆಯ ನಿಯಮವಿದೆ; ರಾಜ್ಯಪಾಲರ ಹೆಸರಿನಲ್ಲಿ ಸಹಿಯಾದ ಕರಾರು ಎಲ್ಲಿದೆಯೆಂದು ಬಡ ಗುತ್ತಿಗೆದಾರನನ್ನು ಗದರಿಸುವ ಅಧಿಕಾರಿಗಳು ಆರಾಮಬಾಗಿನ ಷೆಡ್ಡುಗಳನ್ನು ಸ್ಮರಿಸಿಕೊಳ್ಳಲಿ. ವಿದೇಶೀಯರು ಬಿಟ್ಟುಹೋದ ಕಟ್ಟಡಗಳ ಜೊತೆಗೆ ಅವರ ಕಛೇರಿಯ ನೆಪಗಳನ್ನೂ ನಾವು ಕಾಪಾಡಿಕೊಂಡು ಬರಬೇಕಾದ ಅಗತ್ಯವೇನೂ ಕಾಣುವುದಿಲ್ಲ.

ಆದರೂ ಕಾಯಿದೆಯು ಕಾಗದವಿದ್ದವನ ಕಡೆಗೆ ಬೇಗನೆ ತಿರುಗುತ್ತದೆ. ನಮ್ಮ ಜನರಲ್ಲಿ ದಾಕ್ಷಿಣ್ಯ ಹೆಚ್ಚು. “ನೀವು ನಡೆಯಿಸಿರಿ, ಆಮೇಲೆ ನೋಡೋಣ” ಎಂಬ ಮಾತಿಗೆ ತಲೆಯಾಡಿಸಿ ಸಾವಿರಾರು ರೂಪಾಯಿ ಸುರಿದುಬಿಡುತ್ತಾರೆ. ಯಾವ ಖರ್ಚನ್ನು ಯಾರು ವಹಿಸಬೇಕೆಂಬುದನ್ನು ಕೆಲಸದ ಮೊದಲ ದಿನವೇ ಒಂದು ಸಾಲಿನಲ್ಲಾದರೂ ಬರೆಯಿಸಿಕೊಳ್ಳತಕ್ಕದ್ದು. ಮೊಬೈಲಿನಲ್ಲಿ ಬಂದ ಒಪ್ಪಿಗೆಯನ್ನು ಅಳಿಸದೆ ಇಡತಕ್ಕದ್ದು. ಸಾಧ್ಯವಾದರೆ ಖರ್ಚಿಗೆ ಮುಂಗಡವನ್ನೇ ಪಡೆಯಬೇಕು. ಕೆಲಸ ನಿಂತಿತೆಂಬ ಸುದ್ದಿ ಬಂದ ದಿನವೇ ಹೊಸ ಖರ್ಚನ್ನು ನಿಲ್ಲಿಸಬೇಕು, ಏಕೆಂದರೆ ತಪ್ಪಿಸಬಹುದಾಗಿದ್ದ ನಷ್ಟಕ್ಕೆ ಪರಿಹಾರ ಸಿಕ್ಕದು. ಆ ಮೇಲೆ ರಸೀತಿಗಳ ನಕಲಿನೊಡನೆ ಲೆಕ್ಕವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ, ಇಂತಹ ತಾರೀಖಿನಿಂದ ಬಡ್ಡಿಯನ್ನೂ ಕೇಳುತ್ತೇವೆಂದು ಅದರಲ್ಲಿಯೇ ಕಾಣಿಸುವುದು ಲೇಸು. 1978ರ ಬಡ್ಡಿಯ ಕಾಯಿದೆಯ ಅನುಕೂಲ ಸಾಮಾನ್ಯವಾಗಿ ಇಂತಹ ಬರೆವಣಿಗೆಯಿಂದಲೇ ದೊರೆಯುತ್ತದೆ. ಸಣ್ಣ ಉದ್ಯಮಿಯೆಂದು ಮೊದಲೇ ನೋಂದಾಯಿಸಿಕೊಂಡವರಿಗೆ 2006ರ ಕಾಯಿದೆಯಂತೆ 45 ದಿನಗಳ ಮಿತಿಯೂ, ಅದು ಮೀರಿದರೆ ಬ್ಯಾಂಕು ದರದ ಮೂರರಷ್ಟು ಚಕ್ರಬಡ್ಡಿಯೂ ಉಂಟು. ಸರ್ಕಾರದ ಮೇಲೆ ದಾವೆ ಹೂಡಲು ಸಾಮಾನ್ಯವಾಗಿ ಎರಡು ತಿಂಗಳ ನೋಟೀಸು ಅವಶ್ಯ. ಇಂತಹ ದಾವೆಗಳಿಗೆ ಕಾಲಮಿತಿ ಮೂರು ವರ್ಷ. ಇಂದು ಕೊಡುತ್ತಾರೆ, ನಾಳೆ ಕೊಡುತ್ತಾರೆ ಎಂದು ಬಾಗಿಲು ಕಾಯುತ್ತಿರುವಾಗಲೇ ಆ ಮೂರು ವರ್ಷ ಕಳೆದುಹೋಗುತ್ತದೆ.

ಕೆಲವು ಸಾವಿರ ರೂಪಾಯಿಗಾಗಿ ವಕೀಲರ ಮನೆಗೂ ಕೋರ್ಟಿಗೂ ಅಲೆಯುವವನ ಖರ್ಚು ಕೇಳಿದ ಹಣಕ್ಕಿಂತ ಹೆಚ್ಚಾಗುವುದುಂಟು. ಕೊಡಬೇಕಾದವರಿಗೆ ಇದು ಚೆನ್ನಾಗಿ ತಿಳಿದಿದೆ. ಆದುದರಿಂದ ನಮ್ಮ ಸೂಚನೆಯು ಮುಖ್ಯವಾಗಿ ಕಛೇರಿಗಳಲ್ಲಿರುವ ನಮ್ಮ ವಾಚಕರಿಗೇ ಸೇರಿದ್ದು. ಗುತ್ತಿಗೆಯ ಕೆಲಸವನ್ನು ನಿಲ್ಲಿಸುವ ಆಜ್ಞೆಗೆ ಸಹಿ ಮಾಡುವಾಗ, ಈವರೆಗಿನ ಕೈಖರ್ಚಿನ ಲೆಕ್ಕವನ್ನು ಹದಿನೈದು ದಿನಗಳೊಳಗೆ ಕಳುಹಿಸಬೇಕೆಂದೂ, ಪರಿಶೀಲಿಸಿ ತಿಂಗಳೊಳಗೆ ಸಲ್ಲಿಸಲಾಗುವುದೆಂದೂ ಅದೇ ಕಾಗದದಲ್ಲಿ ಬರೆಯುವ ಪದ್ಧತಿಯನ್ನು ಹಾಕಿಕೊಳ್ಳಬಹುದು. ನಮ್ಮ ಕಾರ್ಯಾಲಯದಿಂದ ಹೊರಡುವ ಅಂತಹ ಪತ್ರಗಳಲ್ಲಿ ಈಗ ಆ ಸಾಲು ಇದೆ. ಅದರ ಜೊತೆಗೆ ಅಂಚೆಚೀಟಿ ಹಚ್ಚಿದ ಲಕೋಟೆಯನ್ನೂ ಇಟ್ಟು ಕಳುಹಿಸುತ್ತೇವೆ.